ಕಾಣದ ಹಕ್ಕಿಯ ಬಣ್ಣ

ಹಿಂದೂಪುರದಲ್ಲಿ ನನ್ನಷ್ಟು ಚೆನ್ನಾಗಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ನಾನು ಕಪ್ಪೆಯ ಹೃದಯದ ಪಾಠ ಮಾಡುವ ದಿನ ಕಿಟಕಿಯಾಚೆ ಕಪ್ಪೆಗಳು ಸಾಲಾಗಿ ಕೂತು ಕೇಳಿಸಿಕೊಳ್ಳುತ್ತಿದ್ದವು. ಬೆಳಿಗ್ಗೆ ಏಳೂವರೆಗೆ ಲೇಪಾಕ್ಷಿಯಲ್ಲಿ ನಾನು ಬಸ್ಸು ಹತ್ತಿದರೆ ಡ್ರೈವರು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ ನಮಸ್ಕಾರ ಹೇಳುತ್ತಿದ್ದ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇಂಥ ಮುತ್ತುರಾಜನನ್ನು, ಅಂದರೆ ನನ್ನನ್ನು, ಒಬ್ಬ ಹುಡುಗಿ ಬರೇ ಇಪ್ಪತ್ತಮೂರು ಹಕ್ಕಿಗಳಿಂದ ಸೋಲಿಸಿದಳು.

ಎರಡು ಸಾವಿರದ ಆರನೇ ಇಸವಿ, ನವೆಂಬರ್ ತಿಂಗಳು. ಜಿಲ್ಲೆಯ ಶಾಲೆಗಳಲ್ಲಿ ಇಕೋ ಕ್ಲಬ್ ನಡೆಸುವ ಮೇಷ್ಟ್ರುಗಳಿಗೆಲ್ಲ ಹಿಂದೂಪುರದ ಒಂದು ಕಲ್ಯಾಣಮಂಟಪದಲ್ಲಿ ತರಬೇತಿ. ಪ್ರತಿ ಶಾಲೆಯೂ ತನ್ನ ಸುತ್ತಮುತ್ತಲ ಹಕ್ಕಿಗಳ ಪಟ್ಟಿ ತರಬೇಕೆಂದು ಸುತ್ತೋಲೆ ಬಂದಿತ್ತು. ನಾನು ನೂರ ಎಂಬತ್ತಾರು ಹಕ್ಕಿಗಳನ್ನು ತಂದಿದ್ದೆ.

ಅಷ್ಟೂ ಹೆಸರುಗಳನ್ನು ನಿಂತು ಓದಿದೆ. ಓದುತ್ತ ಓದುತ್ತ ಮಧ್ಯಾಹ್ನವಾಯಿತು. ಮೇಲೆ ತಿರುಗುತ್ತಿದ್ದ ಫ್ಯಾನು ನಿಂತು ಕೇಳಿತು. ಕರೆಂಟು ಹೋಗಿತ್ತೆಂದು ಕೆಲವರು ಆಮೇಲೆ ಹೇಳಿದರು. ಅರ್ಧ ಹೆಸರುಗಳು ಲೈಬ್ರರಿಯ ಪುಸ್ತಕದ ಕೊನೆಯ ಪುಟದಿಂದ ಬಂದವು, ಇನ್ನರ್ಧ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದವು. ಚಪ್ಪಾಳೆ ಬಿತ್ತು.

ಚಪ್ಪಾಳೆ ಮುಗಿಯುವುದನ್ನೇ ಕಾದು, ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ಸಾರ್, ಒಂದು ಡೌಟು. ನಿಮ್ಮ ಪಟ್ಟೀಲಿ ಹನ್ನೆರಡನೇದು ನವಿಲು. ಅರವತ್ತೊಂದನೇದು ನೆಮಲಿ. ಎರಡೂ ಒಟ್ಟಿಗೇ ಬಂದಿದ್ವಾ?"

ನವಿಲಿಗೆ ತೆಲುಗಿನಲ್ಲಿ ನೆಮಲಿ ಎನ್ನುತ್ತಾರೆ. ನಮ್ಮ ಕಡೆ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಒಂದೇ ಹಕ್ಕಿ ಮನೆಯಲ್ಲಿ ಒಂದು ಸಲ, ಶಾಲೆಯಲ್ಲಿ ಒಂದು ಸಲ ಹುಟ್ಟಿಬಿಡುತ್ತದೆ.

"ಬಂದಿದ್ವು ಮೇಡಂ," ಎಂದೆ. "ಒಂದು ಗಂಡು, ಒಂದು ಹೆಣ್ಣು."

ಇಡೀ ಮಂಟಪ ನಕ್ಕಿತು. ಅವಳು ನಗಲಿಲ್ಲ. ನಗಬಾರದೆಂದು ತುಟಿಯನ್ನು ಒಳಗೆಳೆದುಕೊಂಡಳು. ಎಡಗಡೆಯ ತುದಿಯೊಂದು ಮಾತು ಕೇಳದೆ ಹೊರಗುಳಿಯಿತು. ಕಣ್ಣು ನನ್ನ ಮೇಲೆಯೇ ಇತ್ತು. ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವವರ ಕಣ್ಣು ಅದು.

ಮುಂದಿನ ಸರದಿ ಅವಳದೇ. ಶೋಭಾರಾಣಿ, ಕಲ್ಯಾಣದುರ್ಗದ ಒಂದು ಹೈಸ್ಕೂಲಿನ ಟೀಚರು. ಹುಟ್ಟಿದ ಊರು ಮಾತ್ರ ನಮ್ಮ ಹಿಂದೂಪುರದ ಪಕ್ಕದ ಮುದಿರೆಡ್ಡಿಪಲ್ಲಿ, ರೇಷ್ಮೆಗೆ ಬಣ್ಣ ಹಾಕುವವರ ಮನೆ. ಪಟ್ಟಿಯ ಕಾಗದವೇ ಅವಳ ಬಳಿ ಇರಲಿಲ್ಲ. ಬ್ಯಾಗಿನಿಂದ ಮೊಳದುದ್ದದ ಒಂದು ಹುರಿ ತೆಗೆದು ಎತ್ತಿ ಹಿಡಿದಳು. ಅದರ ಉದ್ದಕ್ಕೂ ಬಣ್ಣಬಣ್ಣದ ರೇಷ್ಮೆ ಎಳೆಗಳ ಗಂಟುಗಳು.

"ನಮ್ಮತ್ರ ಬೈನಾಕ್ಯುಲರ್ ಇಲ್ಲ, ಪುಸ್ತಕಾನೂ ಇಲ್ಲ," ಎಂದಳು. "ಅಪ್ಪನ ಶೆಡ್ಡಲ್ಲಿ ಉಳಿದ ನೂಲಿದೆ. ಒಂದು ಹಕ್ಕಿ ನೋಡಿದ ಮಗು ಬಂದು ಕಂತೆಯೊಳಗೆ ಕೈ ಹಾಕಿ ಆ ಹಕ್ಕಿ ಬಣ್ಣ ಆರಿಸ್ಬೇಕು. ಮೂರು ಮಕ್ಕಳು ಬೇರೆಬೇರೆಯಾಗಿ ನೋಡಿ, ಬೇರೆಬೇರೆಯಾಗಿ ಆರಿಸಿ, ಆಮೇಲೆ ಜಗಳ ಆಡಿ ಒಂದು ಬಣ್ಣಕ್ಕೆ ಬಂದ್ರೆ ಗಂಟು. ಬರ್ದೆ ಇದ್ರೆ ಇಲ್ಲ. ಎರಡು ವರ್ಷಕ್ಕೆ ಇಪ್ಪತ್ತಮೂರು ಆಗಿದೆ."

ಹೇಳಿ ಕೂತಳು. ಚಪ್ಪಾಳೆ ಬೀಳಲಿಲ್ಲ. ಆದರೆ ಎಲ್ಲರೂ ಆ ಹುರಿಯನ್ನು ಮುಟ್ಟಿ ನೋಡಲು ಎದ್ದು ಹೋದರು. ನನ್ನ ನೂರ ಎಂಬತ್ತಾರು ಹಕ್ಕಿಗಳು ಮೇಜಿನ ಮೇಲೆ ಒಂಟಿಯಾಗಿ ಬಿದ್ದಿದ್ದವು.

ಪ್ರೇಮವೆಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಈಗಲೂ ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆಯುವಷ್ಟು ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ಅವಳು ಪ್ರತಿ ಶನಿವಾರ ಸಂಜೆ ಕಲ್ಯಾಣದುರ್ಗದಿಂದ ತನ್ನೂರಿಗೆ ಬರುತ್ತಾಳೆ, ಭಾನುವಾರ ಇರುತ್ತಾಳೆ.

ಮುಂದಿನ ಭಾನುವಾರ ಮುದಿರೆಡ್ಡಿಪಲ್ಲಿಗೆ ಹೋದೆ. ಬೀದಿಯುದ್ದಕ್ಕೂ ಮಗ್ಗಗಳ ಸದ್ದು. ನಾನು ನಡೆದಂತೆಲ್ಲ ಅವು ನನ್ನ ಹೆಜ್ಜೆಗೆ ತಾಳ ಹಾಕಿದವು. ಶೆಡ್ಡಿನೊಳಗೆ ಅವಳ ಅಪ್ಪ ಕೊಂಡಪ್ಪ ಕುದಿಯುವ ಹಂಡೆಯಲ್ಲಿ ನೂಲಿನ ಲಡಿಗಳನ್ನು ಕೋಲಿನಿಂದ ಮೇಲೆ ಕೆಳಗೆ ಮಾಡುತ್ತಿದ್ದರು. ಎಡಗೈ ಮೊಣಕೈವರೆಗೆ ನೇರಳೆ, ಬಲಗೈ ಹಸಿರು. ಒಬ್ಬ ಆಳಿನಲ್ಲಿ ಇಬ್ಬರು ಆಳುಗಳು ಸೇರಿದ್ದಂತೆ ಕಾಣುತ್ತಿದ್ದರು.

"ನಮ್ಮ ಶಾಲೆ ಮಕ್ಕಳಿಗೂ ನೂಲು ಬೇಕಿತ್ತು," ಎಂದೆ.

"ಎಂತ ಬಣ್ಣ?"

"ಎಲ್ಲಾ."

ಕೊಂಡಪ್ಪ ಹಂಡೆಯಿಂದ ಕಣ್ಣೆತ್ತಲಿಲ್ಲ. "ಎಲ್ಲಾ ಅನ್ನೋ ಬಣ್ಣ ನಮ್ಮತ್ರ ಇಲ್ಲ ಕಣಪ್ಪ."

ಒಳಗಿನಿಂದ ನಗು ಕೇಳಿತು. ಶೋಭಾರಾಣಿ ಒಂದು ದಪ್ಪ ಕಂತೆಯನ್ನು ತಂದು ಜಗಲಿಯ ಮೇಲೆ ಬಿಚ್ಚಿದಳು. ನೂರ ನಲವತ್ತು ಬಣ್ಣ. ನನ್ನ ಲೆಕ್ಕದಲ್ಲಿ ಹತ್ತು ಸಾವಿರ.

"ಗುಬ್ಬಿ ಯಾವ ಬಣ್ಣ ಸಾರ್?"

"ಗುಬ್ಬಿನಾ? ಕಂದು." ಇದೂ ಒಂದು ಪ್ರಶ್ನೆಯೇ ಎಂಬಂತೆ ಹೇಳಿದೆ.

ಅವಳು ಕಂತೆಯಿಂದ ಹನ್ನೊಂದು ಕಂದು ಎಳೆಗಳನ್ನು ಒಂದೊಂದಾಗಿ ಎಳೆದು ತನ್ನ ಮೊಣಕಾಲ ಮೇಲೆ ಹಾಕಿಕೊಂಡಳು. ಹುಣಸೆಹಣ್ಣಿನ ಕಂದು, ಕಡಲೆಕಾಯಿ ಸಿಪ್ಪೆಯ ಕಂದು, ಬೆಲ್ಲದ ಕಂದು, ಒದ್ದೆ ಮಡಕೆಯ ಕಂದು. "ಇದರಲ್ಲಿ ಯಾವುದು?"

ಇಪ್ಪತ್ತೆಂಟು ವರ್ಷ ನಮ್ಮ ಮನೆಯ ಸೂರಿನಲ್ಲಿ ಗುಬ್ಬಿಗಳು ಸಂಸಾರ ಮಾಡಿದ್ದವು. ಹನ್ನೊಂದೂ ಎಳೆಗಳ ಮೇಲೆ ಬೆರಳಾಡಿಸಿದೆ. ಒಂದನ್ನೂ ಎತ್ತಲಾಗಲಿಲ್ಲ.

"ಹೋಗಿ ನೋಡ್ಕೊಂಡ್ಬನ್ನಿ," ಎಂದಳು ಮೆಲ್ಲಗೆ. ಹಂಗಿಸಲಿಲ್ಲ. ತಲೆ ಓರೆ ಮಾಡಿ, ಕಣ್ಣನ್ನು ಅರ್ಧ ಮುಚ್ಚಿ, ನನ್ನ ಮುಖದ ಬಣ್ಣ ಯಾವ ಎಳೆಗೆ ಕೂಡುತ್ತದೆಂದು ನೋಡುವವಳಂತೆ ನೋಡಿದಳು. ಅವಳ ತಾಯಿ ಕದಿರಮ್ಮ ಕಾಫಿ ತಂದಿಟ್ಟರು. ಅಂಥ ಕಾಫಿಯನ್ನು ದೇವೇಂದ್ರನೂ ಕುಡಿದಿರಲಾರ. ಸಕ್ಕರೆ ಹಾಕಿರಲಿಲ್ಲವೆಂದು ಮನೆಗೆ ಬಂದ ಮೇಲೆ ನೆನಪಾಯಿತು.

ಆ ವಾರದಿಂದ ನಮ್ಮ ಶಾಲೆಯಲ್ಲೂ ಒಂದು ಹುರಿ ಶುರುವಾಯಿತು. ಶನಿವಾರ ಮಧ್ಯಾಹ್ನ ನಲವತ್ತು ಮಕ್ಕಳನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ಎರಡು ತಿಂಗಳಿಗೆ ಹನ್ನೊಂದು ಗಂಟು. ಬರೇ ಬೆಳ್ಳಕ್ಕಿಗೇ ಮುಕ್ಕಾಲು ಗಂಟೆ ಜಗಳ ನಡೆಯಿತು.

"ಬೆಳ್ಳಕ್ಕಿ ಬಿಳೀನೇ ಅಲ್ಲ ಸಾರ್," ಎಂದಳು ಒಂಬತ್ತನೇ ಕ್ಲಾಸಿನ ಕೀರ್ತನಾ. ನನ್ನ ಮೇಲೆ ಬೆಟ್ಟದಷ್ಟು ನಂಬಿಕೆ ಇಟ್ಟಿದ್ದ ಹುಡುಗಿ ಅವಳು. "ಹಾಲಿನ ಕೆನೆ ಬಣ್ಣ."

"ಅದು ಸಂಜೆ ಕಣೇ. ಬೆಳಿಗ್ಗೆ ನೋಡು, ಮಲ್ಲಿಗೆ," ಎಂದಳು ಇನ್ನೊಬ್ಬಳು.

ಇಬ್ಬರೂ ಎರಡೆರಡು ಎಳೆ ಹಿಡಿದುಕೊಂಡು, ಮತ್ತೆ ಕಂತೆಗೆ ಹಾಕಿ, ಮತ್ತೆ ಎತ್ತಿ, ಕೆರೆಯ ಕಡೆ ನೋಡಿ, ಒದ್ದಾಡಿದರು. ಇಷ್ಟು ವರ್ಷ ಪಾಠ ಮಾಡಿದ್ದರೂ ಮಕ್ಕಳು ಒಂದು ಹಕ್ಕಿಯನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಜನವರಿಯಲ್ಲಿ ಒಂದು ದಿನ ರಜೆ ಹಾಕಿ ಕಲ್ಯಾಣದುರ್ಗಕ್ಕೆ ಹೋದೆ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅವಳ ಶಾಲೆಯ ಮಕ್ಕಳಿಗೆ ಹನ್ನೆರಡು ಗಂಟೆ ಎಂದೆ. ದಾರಿಯಲ್ಲಿ ಎರಡು ಟೈರು, ಒಬ್ಬ ಕಂಡಕ್ಟರು ಕಳೆದುಹೋದರೆಂದೂ ಸೇರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಊರಾಚೆ ಕಡಲೆಕಾಯಿ ಕಿತ್ತ ಬಯಲು. ಮೂವತ್ತು ಮಕ್ಕಳು ಉಸಿರು ಬಿಗಿಹಿಡಿದು ನೆಲದ ಮೇಲೆ ಕೂತಿದ್ದರು. ಬಾನಾಡಿಯೊಂದು ನೆಲದಿಂದ ನೆಟ್ಟಗೆ ಮೇಲೇರಿ, ಹಾಡುತ್ತಾ ಚುಕ್ಕೆಯಾಗಿ, ಕಲ್ಲಿನಂತೆ ಕೆಳಗೆ ಬೀಳುತ್ತಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಶೋಭಾರಾಣಿ ನನ್ನ ಕಡೆ ತಿರುಗದೆಯೇ ಒಂದು ಬೆರಳೆತ್ತಿದಳು. ಬಾಯಿ ಮುಚ್ಚಿದೆ. ಮುಕ್ಕಾಲು ಗಂಟೆ ನಾನು ಮಾತಾಡಲಿಲ್ಲ. ನನ್ನ ಜೀವನದಲ್ಲಿ ಇದು ದಾಖಲೆ. ನಮ್ಮವ್ವನಿಗೆ ಹೇಳಿದರೆ ಜ್ವರ ಬಂದಿತ್ತಾ ಎಂದು ಕೇಳಿದಳು.

ಅವಳ ಪಕ್ಕದಲ್ಲಿ ಕೂತಿದ್ದೆ. ಗಾಳಿಗೆ ಅವಳ ಸೆರಗಿನ ತುದಿ ನನ್ನ ಮೊಣಕೈ ಮೇಲೆ ಬಂದು ಕೂತು, ಎದ್ದು, ಮತ್ತೆ ಬಂದು ಕೂರುತ್ತಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಗಮನಿಸಿರಲಿಲ್ಲವೋ, ಗಮನಿಸಿದ್ದಳೋ. ಅವಳ ಕೆನ್ನೆ ನೋಡಿದರೆ ಗಮನಿಸಿದ್ದಳು.

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಕಡಲೆಕಾಯಿ ಮಾರುವವಳ ಪಕ್ಕ ನಿಂತು ಕೇಳಿಬಿಟ್ಟೆ. "ಶೋಭಾರಾಣಿ, ನನ್ನ ಮದುವೆ ಆಯ್ತೀರಾ?"

ಅವಳು ಬೆಚ್ಚಲಿಲ್ಲ. ಬಹಳ ದಿನದಿಂದ ಬರಬೇಕಿದ್ದ ಬಸ್ಸು ಬಂದಂತೆ ನೋಡಿದಳು.

"ಆಗಲ್ಲ ಅಂತ ಇಲ್ಲ," ಎಂದಳು. "ಭಯ ಇದೆ."

"ನನ್ನ ಕಂಡ್ರಾ?"

"ನೀವು ಮೂರು ಗಂಟೆ ಬಂದ್ರಿ, ಮಕ್ಕಳಿಗೆ ಹನ್ನೆರಡು ಅಂದ್ರಿ. ಅವ್ರು ನಕ್ರು. ನಾನೂ ನಕ್ಕೆ. ಆದ್ರೆ ಒಂದಿನ ನೀವು ಎದೆ ನೋವು ಅಂದ್ಬುಟ್ರೆ, ಅದರಲ್ಲಿ ಎಷ್ಟು ನೋವು, ಎಷ್ಟು ಕಥೆ ಅಂತ ನಾನು ತಿಳ್ಕೊಳ್ಳೋದು ಹೆಂಗೆ?"

"ಇನ್ನು ಮುಂದೆ ತಮಾಷೆನೇ ಬಿಟ್ಬುಡ್ತೀನಿ."

"ತಮಾಷೆ ಬಿಡ್ಬೇಡಿ. ಅದಿಲ್ದಿದ್ರೆ ನೀವ್ಯಾಕೆ?" ಆ ತುಟಿಯ ತುದಿ ಮತ್ತೆ ಮಾತು ಕೇಳದೆ ಹೊರಗೆ ಬಂತು. ಮರುಕ್ಷಣ ಗಂಭೀರವಾದಳು. "ನಾನು ನಂಬಿ ಕಾಲಿಡೋ ಜಾಗದಲ್ಲಿ ಮಾತ್ರ ಸುಳ್ಳು ಬೇಡ. ಅಷ್ಟೇ ಸಾಕು. ಯುಗಾದಿಯೊಳಗೆ ಹೇಳ್ತೀನಿ."

ಮನೆಯಲ್ಲಿ ವಿಷಯ ಹೇಳಿದೆ. ಅವರ ಜಾತಿ ಬೇರೆ, ನಮ್ಮದು ಬೇರೆ. ನಮ್ಮವ್ವ ಉಡುಸಲಮ್ಮ ಒಂದು ತಿಂಗಳು ಉಪವಾಸ ಕೂತಳು. ಅವಳನ್ನೇ ಕೇಳಿದರೆ ಒಂದು ಹೊತ್ತು ಎನ್ನುತ್ತಾಳೆ. ಆಮೇಲೆ ಮುದ್ದೆ ಮುರಿಯುತ್ತ, "ನಿನ್ನ ಬಾಯಿನ ತಡ್ಕೊಳ್ಳೋಳು ಯಾವ ಜಾತಿಲಿ ಸಿಕ್ರೂ ಸರಿ ಕಣ್ಲಾ," ಎಂದಳು.

ಇನ್ನು ನಾನು ಮಾಡಬೇಕಿದ್ದದ್ದು ಒಂದೇ: ಯುಗಾದಿಯವರೆಗೆ, ಅವಳು ಕಾಲಿಡುವ ಜಾಗದಲ್ಲಿ ಒಂದೂ ಸುಳ್ಳು ಹೇಳದಿರುವುದು. ಯಾರಿಗೂ ಕಷ್ಟವಾಗುವ ಕೆಲಸವಲ್ಲ ಇದು.

ಫೆಬ್ರವರಿ ಕೊನೆಗೆ ತರಬೇತಿಯವರಿಂದ ಒಂದು ಕಾಗದ ಬಂತು. ನಮ್ಮ ಸೀಮೆಯ ಬಂಡೆಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿ ಇರುತ್ತದೆ, ಪೆನುಕೊಂಡದ ಬೆಟ್ಟದಲ್ಲೂ ಇರಬಹುದು, ಸಾಧ್ಯವಾದವರು ಹುಡುಕಿ ಎಂದು. ಕಲ್ಯಾಣದುರ್ಗದ ಮಕ್ಕಳು ಆ ಹಕ್ಕಿಯ ಹುಚ್ಚು ಹಿಡಿಸಿಕೊಂಡರು. ಅವರ ಬಯಲಲ್ಲಿ ಅದು ಬರುವುದಿಲ್ಲ.

ಭಾನುವಾರ ನಾನೊಬ್ಬನೇ ಪೆನುಕೊಂಡದ ಬೆಟ್ಟ ಹತ್ತಿದೆ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಬಂಡೆಯ ಸಂದಿಯಲ್ಲಿ ಕೂತೆ. ಮೂರು ಲಕ್ಷ ಮೇಕೆಗಳು, ಒಂದು ಕೋಟಿ ಇರುವೆಗಳು, ಕೋಟೆಗೋಡೆಯ ಮೇಲೆ ಹೃದಯದ ಚಿತ್ರ ಕೆತ್ತುತ್ತಿದ್ದ ಒಂದು ಜೋಡಿ. ಹಳದಿ ಕೊರಳು ಕಾಣಲಿಲ್ಲ.

ಮರುದಿನ ಅವಳಿಗೆ ಫೋನ್ ಮಾಡಿದೆ. ಕಾಣಲಿಲ್ಲ ಎಂದು ಹೇಳಲೆಂದೇ ಮಾಡಿದ್ದು. ಇದು ನಿಜ.

"ಕಾಣ್ತಾ?" ಎಂದಳು. ಇಷ್ಟು ದಿನ ಅಳೆದು ತೂಗಿ ಮಾತಾಡುತ್ತಿದ್ದವಳ ದನಿ ಅಂದು ಹತ್ತು ವರ್ಷದ ಹುಡುಗಿಯದಾಗಿತ್ತು. ಉಸಿರು ಕೇಳುತ್ತಿತ್ತು. ಆ ದನಿಗೆ ಇಲ್ಲ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ.

"ಕಾಣ್ತು," ಎಂದೆ.

ಅತ್ತಲಿಂದ ಅವಳು ಮಕ್ಕಳಿಗೆ ಹೇಳಿದ್ದು, ಮಕ್ಕಳು ಕೂಗಿದ್ದು ಒಟ್ಟಿಗೇ ಕೇಳಿಸಿತು. ಗಲಾಟೆಯ ನಡುವೆ ಅವಳೆಂದಳು: "ಭಾನುವಾರ ನಾವೆಲ್ಲ ಬತ್ತೀವಿ. ನಿಮ್ಮ ಮಕ್ಕಳನ್ನೂ ಕರ್ಕೊಂಡ್ಬನ್ನಿ. ಅಷ್ಟರೊಳಗೆ ಶೆಡ್ಡಿಗೆ ಹೋಗಿ ನೀವು ಕಂಡ ಬಣ್ಣ ಆರಿಸಿಡಿ. ಮರೆತೋಗ್ತದೆ."

ಬುಧವಾರ ಲೈಬ್ರರಿಯ ಹಳೇ ಪುಸ್ತಕ ತೆಗೆದು ಚಿತ್ರ ನೋಡಿಕೊಂಡೆ. ಕೊರಳು ಚೆಂಡುಹೂವಿನ ಹಳದಿ. ಸಂಜೆ ಶೆಡ್ಡಿಗೆ ಹೋಗಿ ಕಂತೆ ಬಿಚ್ಚಿಸಿ, ನೂರ ನಲವತ್ತರಲ್ಲಿ ಆ ಒಂದನ್ನು ಎತ್ತಿಕೊಂಡೆ.

"ಒಂದೇ ಸಲಕ್ಕೆ ಸಿಕ್ಬುಡ್ತಾ?" ಎಂದರು ಕೊಂಡಪ್ಪ.

"ನಂದು ಹದ್ದಿನ ಕಣ್ಣು."

"ಸರೆ," ಎಂದು ತೆಲುಗಿನಲ್ಲಿ ಹೇಳಿ ಹಂಡೆಯ ಕಡೆ ತಿರುಗಿದರು.

ಮರುದಿನ ಆ ಎಳೆಯನ್ನು ನನ್ನ ಕ್ಲಾಸಿನಲ್ಲಿ ಎತ್ತಿ ತೋರಿಸಿದೆ. ಹಕ್ಕಿ ನನ್ನ ಹೆಗಲ ಮೇಲೆ ಕೂತಿತ್ತೆಂದೂ ಹೇಳಿದ ನೆನಪು.

ಭಾನುವಾರ ಬಂತು. ಅವಳ ಮೂವತ್ತೊಂದು ಮಕ್ಕಳು ಒಂದು ಬಾಡಿಗೆ ಬಸ್ಸಿನಲ್ಲಿ, ಕತ್ತಲಿರುವಾಗಲೇ ಎದ್ದು ಹೊರಟು ಬಂದಿದ್ದರು. ನನ್ನ ನಲವತ್ತು. ಎಲ್ಲರೂ ಬೆಟ್ಟ ಹತ್ತಿ ನಾನು ತೋರಿಸಿದ ಬಂಡೆಗೆ ಎದುರಾಗಿ ಕೂತರು. ಎಪ್ಪತ್ತೊಂದು ಮಕ್ಕಳು, ಒಂದು ಪಿಸುಮಾತಿಲ್ಲ. ಶೋಭಾರಾಣಿ ಬೆಳಿಗ್ಗೆಯಿಂದ ನನ್ನ ಜೊತೆ ಎರಡು ಮಾತಾಡಿದ್ದಳು: "ನೀರು ಎಲ್ಲಿ?" ಮತ್ತು "ಸರಿ".

ಎಂಟಾಯಿತು, ಒಂಬತ್ತಾಯಿತು. ಬಂಡೆ ಕಾದಿತು. ಹನ್ನೊಂದಾಯಿತು. ಆ ಬಂಡೆಯನ್ನು ಜಗತ್ತಿನಲ್ಲಿ ಯಾರೂ ಅಷ್ಟು ಪ್ರೀತಿಯಿಂದ ನೋಡಿರಲಾರರು. ನಾನು ಮಾತ್ರ ನೋಡಲಿಲ್ಲ. ನೋಡಲು ಏನಿಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.

ಹನ್ನೊಂದೂವರೆಗೆ ಕೀರ್ತನಾ ಕೈಯೆತ್ತಿದಳು.

"ಕಾಣಿಸ್ತು ಸಾರ್."

"ಎಲ್ಲಿ?"

"ಆ ಗಿಡದಾಗೆ. ಹಿಂಗ್ ಬಂದು ಹಂಗ್ ಹೋಯ್ತು."

ಅವಳ ಪಕ್ಕದವಳು ನನ್ನ ಮುಖ ನೋಡಿ, "ನಂಗೂ," ಎಂದಳು. ಇನ್ನೊಬ್ಬಳೂ ಎಂದಳು.

ಶೋಭಾರಾಣಿ ಕಂತೆಯನ್ನು ಬಂಡೆಯ ಮೇಲೆ ಬಿಚ್ಚಿದಳು. ನನ್ನ ಮೂವರು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದಳು. ಕೀರ್ತನಾಳ ಕೈ ನೆಟ್ಟಗೆ ಚೆಂಡುಹೂವಿನ ಹಳದಿಗೆ ಹೋಯಿತು. ಎರಡನೆಯವಳದೂ. ಮೂರನೆಯವಳದೂ. ಯಾರೂ ಎರಡು ಎಳೆ ಹಿಡಿಯಲಿಲ್ಲ, ಯಾರೂ ಜಗಳವಾಡಲಿಲ್ಲ.

ಕಲ್ಯಾಣದುರ್ಗದ ಮಕ್ಕಳು ಚಪ್ಪಾಳೆ ತಟ್ಟಿದರು. ಮೂರು ಜನ ನೋಡಿದ್ದಾರೆ. ಇನ್ನು ಗಂಟು ಬೀಳಬೇಕು.

ಅವಳು ಎರಡು ವರ್ಷದ ಹುರಿಯನ್ನು ಒಂದು ಕೈಯಲ್ಲಿ, ಹಳದಿ ಎಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಳು. ಕುಣಿಕೆ ಮಾಡಿದಳು. ಎಳೆಯ ತುದಿಯನ್ನು ಅದರೊಳಗೆ ತೂರಿಸಿದಳು. ಎಳೆಯಲಿಲ್ಲ. ತಲೆಯೆತ್ತಿ ನನ್ನ ಕಡೆ ನೋಡಿದಳು.

ಆ ನೋಟದಲ್ಲಿ ಕೋಪವಿದ್ದರೆ ಸುಲಭವಾಗುತ್ತಿತ್ತು. ಕೋಪಕ್ಕೆ ನನ್ನ ಬಳಿ ಸಾವಿರ ಉತ್ತರಗಳಿವೆ. ಅವಳ ರೆಪ್ಪೆ ಅಲುಗಲಿಲ್ಲ. ಬಿಸಿಲಿಗೆ ಹಣೆಯಿಂದ ಒಂದು ಬೆವರ ಹನಿ ಹೊರಟು, ಹುಬ್ಬಿನಲ್ಲಿ ನಿಂತು, ಕಣ್ಣಂಚಿಗೆ ಇಳಿಯಿತು. ಅದನ್ನೂ ಒರೆಸಿಕೊಳ್ಳದೆ ಕಾದಳು. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ನನಗೂ ಆಗ ಗೊತ್ತಾಯಿತು.

"ಗಂಟು ಹಾಕ್ಬೇಡಿ," ಎಂದೆ.

ದನಿ ನನ್ನದಾಗಿರಲಿಲ್ಲ. ಇಷ್ಟು ಸಣ್ಣ ದನಿ ನನ್ನ ಗಂಟಲಲ್ಲಿ ಬಾಡಿಗೆಗಿದೆಯೆಂದೇ ನನಗೆ ತಿಳಿದಿರಲಿಲ್ಲ.

"ನಾನು ಆ ಹಕ್ಕಿ ನೋಡಿಲ್ಲ. ಹೋದ ವಾರ ಇಲ್ಲಿ ಇಡೀ ದಿನ ಕೂತಿದ್ದೆ, ಬರಲಿಲ್ಲ. ಸುಳ್ಳು ಹೇಳ್ದೆ. ಈ ಬಣ್ಣ ಪುಸ್ತಕ ನೋಡಿ ಆರಿಸಿದ್ದು."

ಮಕ್ಕಳು ಇದೂ ನನ್ನ ತಮಾಷೆಗಳಲ್ಲೊಂದು ಎಂದು ಸ್ವಲ್ಪ ಹೊತ್ತು ಕಾದರು. ಮುಂದಿನ ಮಾತು ಬರಲಿಲ್ಲ. ಆಗ ಕಲ್ಯಾಣದುರ್ಗದ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಎದ್ದು ನಿಂತು ಕೇಳಿದ: "ಮರಿ ಮೇಮು ಎಂದುಕು ವಚ್ಚಾಂ ಸಾರ್?"

ಮತ್ತೆ ನಾವು ಯಾತಕ್ಕೆ ಬಂದದ್ದು, ಎಂದು. ನನಗೆ ಎರಡು ಭಾಷೆ ಬರುತ್ತದೆ. ಎರಡರಲ್ಲೂ ತಪ್ಪಾಯಿತು ಎಂದೆ.

ಊಟಕ್ಕೆ ಬಿಟ್ಟಾಗ ಕೀರ್ತನಾ ದೂರ ಹೋಗಿ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಳು. ಪಕ್ಕದಲ್ಲಿ ಹೋಗಿ ಕೂತೆ.

"ನೀನು ಯಾಕಮ್ಮ ನೋಡ್ದೆ ಅಂದೆ?"

"ನೀವು ನೋಡಿದೀನಿ ಅಂದಿದ್ರಲ್ಲ ಸಾರ್." ಮೂಗೊರೆಸಿಕೊಂಡಳು. "ಇಲ್ಲೇ ಅದೆ ಅನ್ಕೊಂಡೆ. ನಂಗೆ ಕಾಣ್ದೆ ಇರೋದು ನನ್ನ ಕಣ್ಣಿನ ತಪ್ಪು ಅನ್ಕೊಂಡೆ."

ನನ್ನ ಮೇಲೆ ಇಡೀ ಪೆನುಕೊಂಡದ ಕೋಟೆ ಬಿತ್ತು. ಇದರಲ್ಲಿ ಒಂದು ಕಲ್ಲನ್ನೂ ನಾನು ಹೆಚ್ಚು ಸೇರಿಸಿಲ್ಲ.

"ನಿನ್ನ ಕಣ್ಣು ಸರಿಯಾಗಿದೆ," ಎಂದೆ. "ಸಾರ್ ಸರಿ ಇಲ್ಲದಾಗಲೂ ನಿನ್ನ ಕಣ್ಣನ್ನೇ ನಂಬು." ಅವಳು ತಲೆಯಾಡಿಸಿದಳು, ನನ್ನನ್ನು ನೋಡಲಿಲ್ಲ. ಅವಳು ನನ್ನನ್ನು ಮೊದಲಿನಂತೆ ನೋಡಲು ಆ ವರ್ಷ ಪೂರ್ತಿ ಬೇಕಾಯಿತು.

ಊಟದ ನಂತರ ಶೋಭಾರಾಣಿ ಎದ್ದು ಚಪ್ಪಾಳೆ ತಟ್ಟಿ ಕರೆದಳು. "ಬನ್ರಪ್ಪ. ಬೆಳಿಗ್ಗೆಯಿಂದ ಕೂತಿದೀರಲ್ಲ, ನಿಜವಾಗಿ ಏನೇನು ಕಾಣ್ತು?"

ಒಬ್ಬ, "ಕೆಂಪು ತಲೆಯ ಓತಿಕ್ಯಾತ," ಎಂದ. "ಅದು ಹಕ್ಕಿ ಅಲ್ಲ ಕಣ್ಲಾ," ಎಂದ ಇನ್ನೊಬ್ಬ. "ಅಲ್ದಿದ್ರೇನು, ಬಣ್ಣ ಅದೆಯಲ್ಲ." ಅದರ ತಲೆ ದಾಳಿಂಬೆಯೋ ಒಣಮೆಣಸಿನಕಾಯಿಯೋ ಎಂದು ಎರಡೂ ಊರಿನ ಮಕ್ಕಳ ನಡುವೆ ಯುದ್ಧ ಶುರುವಾಯಿತು. ಕನ್ನಡದಲ್ಲಿ ಬೈದು ತೆಲುಗಿನಲ್ಲಿ ರಾಜಿಯಾದರು. ಬೆಟ್ಟದ ಮೇಲೆ ಮತ್ತೆ ಸದ್ದು ತುಂಬಿತು.

ನಾಲ್ಕು ಗಂಟೆಗೆ ಕೆಳಗಿಳಿದೆವು. ಅವಳ ಮಕ್ಕಳೆಲ್ಲ ಬಸ್ಸು ಹತ್ತಿದರು. ಅವಳೂ ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತಿದ್ದೆ. ಬಸ್ಸಿನ ತಗಡಿನ ಮೇಲೆ ಬಿದ್ದಿದ್ದ ಧೂಳನ್ನು ಒರೆಸಿದೆ.

"ಯಾವಾಗ ಗೊತ್ತಾಯ್ತು?" ಎಂದೆ.

"ಗುರುವಾರ. ಅಪ್ಪ ಫೋನ್ ಮಾಡಿದ್ರು. ಕಣ್ಣಾರೆ ಕಂಡೋರು ಎರಡು ಎಳೆ ಹಿಡ್ಕೊಂಡು ಒದ್ದಾಡ್ತಾರೆ, ನಿಮ್ಮ ಮೇಷ್ಟ್ರು ಒಂದೇ ಸಲಕ್ಕೆ ಎತ್ಕೊಂಡ್ರು ಅಂದ್ರು. ಪುಸ್ತಕದಲ್ಲಾದ್ರೆ ಬಿಸಿಲಿಲ್ಲ, ನೆರಳಿಲ್ಲ, ಬಣ್ಣ ಒಂದೇ ಇರ್ತದೆ."

"ಗೊತ್ತಿದ್ದೂ ಮಕ್ಕಳನ್ನ ಯಾಕೆ ಕರ್ಕೊಂಡ್ಬಂದ್ರಿ?"

"ನೀವು ಫೋನ್ ಮಾಡ್ತೀರ ಅಂತ ಗುರುವಾರ ಕಾದೆ. ಶುಕ್ರವಾರ ಕಾದೆ. ಶನಿವಾರ ಮಕ್ಕಳು ಬಟ್ಟೆ ಇಸ್ತ್ರಿ ಮಾಡಿಸ್ಕೊಂಡ್ಬುಟ್ಟಿದ್ರು."

"ಬೆಟ್ಟದ ಮೇಲೂ ನಾನು ಬಾಯಿ ಬಿಡದೆ ಇದ್ದಿದ್ರೆ?"

"ಗಂಟು ಹಾಕ್ತಿದ್ದೆ. ಮೂರು ಮಕ್ಕಳು ನೋಡ್ದೆ ಅಂದ ಮೇಲೆ ಅಷ್ಟೂ ಜನರ ಮುಂದೆ ಅವರನ್ನ ಸುಳ್ಳರು ಅನ್ನೋಳು ನಾನಲ್ಲ." ಕಿಟಕಿಯ ಸರಳಿನ ಮೇಲೆ ಕೈಯಿಟ್ಟಳು. "ಆಮೇಲೆ ನಿಮ್ಮ ಫೋನು ಎತ್ತುತ್ತಿರ್ಲಿಲ್ಲ. ಯುಗಾದಿಗೂ ಇಲ್ಲ, ಯಾವ ಹಬ್ಬಕ್ಕೂ ಇಲ್ಲ."

ಡ್ರೈವರು ಇಂಜಿನ್ ಶುರುಮಾಡಿದ. ಸದ್ದಿಗೆ ನಾನು ಕಿಟಕಿಗೆ ಹತ್ತಿರವಾಗಬೇಕಾಯಿತು.

"ಬುಧವಾರ ಅಪ್ಪ ಮನೇಲಿರ್ತಾರೆ," ಎಂದಳು. "ನಿಮ್ಮವ್ವನ್ನ ಕರ್ಕೊಂಡ್ಬನ್ನಿ. ನಾನೂ ರಜೆ ಹಾಕಿ ಬತ್ತೀನಿ."

ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅವಳ ಮುಖ ನೋಡಿದೆ. ಅವಳು ನನ್ನನ್ನಲ್ಲ, ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ ಅದನ್ನೇ ನೋಡುತ್ತಿದ್ದಳು. ಕಿವಿಯ ಹಾಲೆ ಕೆಂಪಾಗಿತ್ತು.

"ಇವತ್ತು ಇಷ್ಟೆಲ್ಲ ಆದ ಮೇಲೂ?"

"ಎಪ್ಪತ್ತೊಂದು ಮಕ್ಕಳ ಮುಂದೆ ನಿಜ ಹೇಳಿದ್ರಿ," ಎಂದಳು. "ನಾನಾಗಿದ್ರೆ ಹೇಳ್ತಿರ್ಲಿಲ್ಲ."

ಬಸ್ಸು ಹೊರಟಿತು. ಅವಳು ತಿರುಗಿ ನೋಡಿದಳೆಂದು ಹೇಳಿದರೆ ನೀವು ನಂಬುತ್ತೀರಿ. ನೋಡಲಿಲ್ಲ. ಕಿಟಕಿಯ ಹೊರಗೆ ಒಂದು ಕೈ ಇತ್ತು. ಕೋಟೆಬಾಗಿಲ ತಿರುವಿನಲ್ಲಿ ಬಸ್ಸು ಮರೆಯಾಗುವವರೆಗೂ ಅದು ಅಲ್ಲೇ ಇತ್ತು.